ನಲ್ಲಿ ನೀರು ಕೆಂಪಾದರೆ ಮಳೆಯೊಂದನ್ನೇ ದೂರಬೇಡಿ

ಬೆಟ್ಟ, ಅಣೆಕಟ್ಟೆ, ಬೀದಿ ಪೈಪು, ಮನೆ: ಬಣ್ಣ ಸೇರುವ ಜಾಗ ನಾಲ್ಕು, ಯಾವುದೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ

ಊಟಿ: ಗುಂಡ್ಲುಪೇಟೆ, ಚಾಮರಾಜನಗರ ಕಡೆಯಿಂದ ಗೂಡಲೂರು, ಊಟಿಗೆ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಇಲ್ಲಿ ಮೊದಲು ಹೊಸದೆನಿಸುವುದು ಚಳಿ. ಎರಡನೆಯದು ನೀರು. ತವರಿನ ಬೋರ್‌ವೆಲ್ ನೀರು ಗಡಸು. ಪಾತ್ರೆಗೆ ಬಿಳಿ ಕರೆ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ. ಇಲ್ಲಿನ ಬೆಟ್ಟದ ನೀರು ಅದಕ್ಕೆ ತದ್ವಿರುದ್ಧ. ಸೋಪು ಎಷ್ಟು ತೊಳೆದರೂ ಕೈಯಲ್ಲಿ ಜಾರುತ್ತಲೇ ಇರುತ್ತದೆ. ನೀರು ರುಚಿ, ಬೇಳೆ ಬೇಗ ಬೇಯುತ್ತದೆ. ಆದರೆ ಒಂದು ಬೆಳಗ್ಗೆ ಎದ್ದು ನಲ್ಲಿ ತಿರುಗಿಸಿದರೆ ಮೊದಲು ಬುಸ್ಸೆಂದು ಗಾಳಿ, ಹಿಂದೆಯೇ ಇಟ್ಟಿಗೆ ತೊಳೆದಂಥ ಕೆಂಪು ನೀರು!

ಯಾಕೆ ಹೀಗೆ ಅಂತ ಕೇಳಿದರೆ ನೀಲಗಿರಿಯಲ್ಲಿ ಎಲ್ಲರ ಬಾಯಲ್ಲೂ ಒಂದು ಉತ್ತರ ಸಿದ್ಧವಾಗಿದೆ: ‘ಮಳೆ ಬಂತಲ್ಲ, ಅದಕ್ಕೇ’. ನೀರು ಬಿಡುವವರೂ ಹೇಳುವುದು ಅದನ್ನೇ, ಪಕ್ಕದ ಮನೆಯವರೂ ಹೇಳುವುದು ಅದನ್ನೇ. ಅರ್ಧ ನಿಜ. ಆದರೆ ಮಳೆಯ ಸುಳಿವೇ ಇಲ್ಲದ ಮಾರ್ಚ್ ತಿಂಗಳಲ್ಲೂ ನೀರು ಕೆಂಪಾದರೆ? ಎದುರು ಮನೆಗೆ ತಿಳಿ ನೀರು ಬಂದು ನಮ್ಮ ಮನೆಗೆ ಮಾತ್ರ ಬಗ್ಗಡ ಬಂದರೆ? ಅಡುಗೆಮನೆಯಲ್ಲಿ ಚೆನ್ನಾಗಿದ್ದ ನೀರು ಬಚ್ಚಲಿನ ಗೀಸರ್‌ನಲ್ಲಿ ಹಳದಿಯಾದರೆ? ಅದಕ್ಕೆಲ್ಲ ಮಳೆ ಹೊಣೆಯಲ್ಲ.

ನೀರಿಗೆ ಬಣ್ಣ ಸೇರುವ ಜಾಗ ನಾಲ್ಕು. ಬೆಟ್ಟ, ನೀರು ನಿಲ್ಲುವ ಅಣೆಕಟ್ಟೆ, ಬೀದಿಯ ಪೈಪು ಮತ್ತು ನಮ್ಮದೇ ಮನೆ. ಒಂದೊಂದಕ್ಕೂ ಪರಿಹಾರ ಬೇರೆ, ಕೇಳಬೇಕಾದ ಕಚೇರಿಯೂ ಬೇರೆ. ಇದು ಗೊತ್ತಿಲ್ಲದೆ ದೂರು ಕೊಟ್ಟರೆ ‘ಮಳೆ’ ಎಂಬ ಉತ್ತರ ಹಿಡಿದುಕೊಂಡು ಮನೆಗೆ ಬರಬೇಕಾಗುತ್ತದೆ.

ಬೆಟ್ಟದಲ್ಲೇ ಸೇರುವ ಬಣ್ಣ

ನೀಲಗಿರಿಯ ಮಣ್ಣು ಕೆಂಪು. ಲಕ್ಷಾಂತರ ವರ್ಷಗಳ ಮಳೆ ಇಲ್ಲಿನ ಬಂಡೆಯಲ್ಲಿದ್ದ ಸುಣ್ಣದಂಥ ಅಂಶಗಳನ್ನೆಲ್ಲ ತೊಳೆದುಕೊಂಡು ಹೋಗಿದೆ. ಉಳಿದಿರುವುದು ಹೆಚ್ಚಾಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮಣ್ಣಿಗೆ ಹುಳಿ ಗುಣವೂ ಇದೆ. ಇಳಿಜಾರಿನಲ್ಲಿ ಜೋರು ಮಳೆ ಬಿದ್ದಾಗ ಈ ನುಣ್ಣನೆಯ ಕೆಂಪು ಮಣ್ಣು ಹಳ್ಳ ಸೇರುತ್ತದೆ, ಹಳ್ಳದಿಂದ ನೀರೆತ್ತುವ ತೊಟ್ಟಿ ಸೇರುತ್ತದೆ.

ಇಲ್ಲಿ ಮಳೆಯೇನು ಸಾಧಾರಣದ್ದಲ್ಲ. 2009ರ ನವೆಂಬರ್‌ನಲ್ಲಿ ಕೇತಿ, ಕೂನೂರು ಭಾಗದಲ್ಲಿ ಗುಡ್ಡ ಕುಸಿದು ನಲವತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದನ್ನು ಯಾರೂ ಮರೆತಿಲ್ಲ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂ.ಮೀ.ಗೂ ಹೆಚ್ಚು ಮಳೆ ಸುರಿಯಿತು. ಅಂಥ ದಿನಗಳಲ್ಲಿ ಯಾವ ಶುದ್ಧೀಕರಣ ಘಟಕಕ್ಕೂ ಅಷ್ಟು ಮಣ್ಣನ್ನು ಹಿಡಿದು ನಿಲ್ಲಿಸುವುದು ಸುಲಭವಲ್ಲ.

ಆದರೆ ಮಣ್ಣು ತನ್ನಷ್ಟಕ್ಕೆ ತಾನೇ ಜಾರುವುದಿಲ್ಲ. ಹುಲ್ಲು, ಶೋಲಾ ಕಾಡು ಇದ್ದ ಕಡೆ ಬೇರು ಮಣ್ಣನ್ನು ಹಿಡಿದಿಟ್ಟಿತ್ತು. ಅಲ್ಲೀಗ ಆಲೂಗಡ್ಡೆ, ಕ್ಯಾರೆಟ್ ಹೊಲ ಬಂದಿದೆ, ಕಟ್ಟಡಕ್ಕೆ ಗುಡ್ಡ ಕಡಿಯಲಾಗಿದೆ. ಕೇತಿ ಕಣಿವೆಯಲ್ಲಿ ಕ್ಯಾರೆಟ್ ತೊಳೆಯುವ ಯಂತ್ರಗಳಿಂದ ಬರುವ ಮಣ್ಣು ನೀರು ಹಳ್ಳಕ್ಕೆ ಹರಿಯುವುದರ ಬಗ್ಗೆ ಹಲವು ಸಲ ದೂರು ಎದ್ದಿದೆ. ಅಂದರೆ ‘ಮಳೆ’ ಎನ್ನುವ ಉತ್ತರದೊಳಗೂ ಮನುಷ್ಯನ ಕೈ ಇದೆ.

ಇನ್ನೊಂದು ಬಗೆಯ ಬಣ್ಣವೂ ಬೆಟ್ಟದಿಂದಲೇ ಬರುತ್ತದೆ. ನೀರು ತಿಳಿಯಾಗಿರುತ್ತದೆ, ಆದರೆ ತೆಳ್ಳನೆ ಟೀ ಡಿಕಾಕ್ಷನ್‌ನಂತೆ ಕಾಣುತ್ತದೆ. ಎಷ್ಟು ಹೊತ್ತು ಇಟ್ಟರೂ ತಳಕ್ಕೆ ಏನೂ ಇಳಿಯುವುದಿಲ್ಲ. ಇದು ಮಣ್ಣಲ್ಲ, ಕೊಳೆತ ಎಲೆ, ತೊಗಟೆ, ಜೌಗು ನೆಲದ ಕಪ್ಪು ಮಣ್ಣಿನಿಂದ ಇಳಿದ ಸಾರ. ಚರ್ಮ ಹದ ಮಾಡಲು ಬೇಕಾದ ತೊಗಟೆಗೆಂದೇ ಬೆಳೆಸಿದ ವಾಟಲ್ ಮರ ಇಲ್ಲಿ ಬೇಕಾದಷ್ಟಿದೆಯಲ್ಲ, ಆ ತೊಗಟೆಯಲ್ಲಿರುವ ಒಗರು ಪದಾರ್ಥವೂ ಇದೇ ಜಾತಿಯದು.

ಅಣೆಕಟ್ಟೆಯ ತಳದ ಕಥೆ

ಊಟಿ ಪಟ್ಟಣದ ಮುಖ್ಯ ಜಲಮೂಲ ಪಾರ್ಸನ್ಸ್ ವ್ಯಾಲಿ. ಜತೆಗೆ ಮಾರ್ಲಿಮಂದು, ಟೈಗರ್ ಹಿಲ್, ದೊಡ್ಡಬೆಟ್ಟದಂಥ ಸಣ್ಣ ಜಲಾಶಯಗಳಿವೆ. (ಪ್ರವಾಸಿಗರು ದೋಣಿಯಲ್ಲಿ ಸುತ್ತುವ ಊಟಿ ಕೆರೆಯ ನೀರು ನಲ್ಲಿಗೆ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು.) ಮಸಿನಗುಡಿ ಸುತ್ತಮುತ್ತಲಿನವರಿಗೆ ಮರವಕಂಡಿ ಅಣೆಕಟ್ಟೆಯೇ ಆಧಾರ. ಪೈಕಾರದ ನೀರು ಸಿಂಗಾರದ ವಿದ್ಯುತ್ ಕೇಂದ್ರದಲ್ಲಿ ಕರೆಂಟು ಕೊಟ್ಟು ಇಲ್ಲಿಗೆ ಬಂದು ನಿಲ್ಲುತ್ತದೆ, ಇಲ್ಲಿಂದ ಮೋಯಾರು ಕೇಂದ್ರಕ್ಕೆ ಹೋಗುತ್ತದೆ. ವಿದ್ಯುತ್ತಿಗಾಗಿ ನೀರಿನ ಮಟ್ಟ ಏರಿಳಿದ ಹಾಗೆಲ್ಲ ದಡದ ಕೆಸರೂ ಕಲಕುತ್ತದೆ.

ಬೇಸಿಗೆಯ ಕೆಂಪು ನೀರಿಗೆ ಕಾರಣ ಹುಡುಕಬೇಕಾದ್ದು ಇಲ್ಲಿ. ನಿಂತ ನೀರಿನ ತಳದಲ್ಲಿ ಗಾಳಿಯ ಅಂಶ ಕಡಿಮೆ. ಆಗ ತಳದ ಕೆಸರಿನಲ್ಲಿರುವ ಕಬ್ಬಿಣ, ಮ್ಯಾಂಗನೀಸ್ ನೀರಿನಲ್ಲಿ ಕರಗುತ್ತವೆ. ಕರಗಿದಾಗ ಬಣ್ಣವಿಲ್ಲ. ಪೈಪು ದಾಟಿ ನಮ್ಮ ಬಕೆಟ್ಟಿಗೆ ಬಂದು ಗಾಳಿ ಸೋಕಿದ ಮೇಲೆ ಕಬ್ಬಿಣ ಕೆಂಪಾಗುತ್ತದೆ, ಮ್ಯಾಂಗನೀಸ್ ನಿಧಾನವಾಗಿ ಕಂದು ಇಲ್ಲವೇ ಕಪ್ಪಾಗುತ್ತದೆ. ಅಣೆಕಟ್ಟೆಯಲ್ಲಿ ನೀರು ಇಳಿದಷ್ಟೂ ನಮಗೆ ಸಿಗುವುದು ಈ ತಳದ ನೀರೇ.

ಬೇಸಿಗೆಯಲ್ಲಿ ನೀರು ಇಳಿಯುವುದರ ಹಿಂದೆ ಇನ್ನೊಂದು ಲೆಕ್ಕವಿದೆ. ಊಟಿಯಲ್ಲಿ 1954ರಿಂದ ಇರುವ ಕೇಂದ್ರ ಸರ್ಕಾರದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದವರು ಗ್ಲೆನ್‌ಮಾರ್ಗನ್ ಬಳಿ ಹುಲ್ಲುಗಾವಲಿನಲ್ಲಿ ನೀಲಗಿರಿ ಮರ ನೆಟ್ಟು ಅಳೆದು ನೋಡಿದ್ದಾರೆ. ಮೊದಲ ಹತ್ತು ವರ್ಷದಲ್ಲಿ ಹಳ್ಳಕ್ಕೆ ಬರುವ ನೀರು ಶೇ 16ರಷ್ಟು ಕುಸಿಯಿತು. ಕಡಿದ ಮೇಲೆ ಮತ್ತೆ ಚಿಗುರಿದ ಎರಡನೇ ಸುತ್ತಿನಲ್ಲಿ ಶೇ 25ರಷ್ಟು ಇಳಿಯಿತು. ಮರ ನೆಟ್ಟರೆ ನೀರು ಹೆಚ್ಚುತ್ತದೆ ಅಂತ ನಾವು ಶಾಲೆಯಲ್ಲಿ ಓದಿದ್ದು ಎಲ್ಲ ಮರಕ್ಕೂ ಹೊಂದುವುದಿಲ್ಲ ನೋಡಿ.

ಬೀದಿಯ ಪೈಪು

ಊಟಿ ನಗರಸಭೆ ಹುಟ್ಟಿದ್ದು 1866ರಲ್ಲಿ. ಇಷ್ಟು ಹಳೆಯ ಊರಿನಲ್ಲಿ ನೆಲದಡಿಯ ಪೈಪುಗಳಿಗೂ ಬೇರೆ ಬೇರೆ ವಯಸ್ಸು. ಎಲ್ಲೆಲ್ಲಿ ಹಳೆಯ ಬೀಡುಕಬ್ಬಿಣ ಅಥವಾ ಜಿಐ ಪೈಪು ಉಳಿದಿದೆಯೋ ಅಲ್ಲಿ ಈ ಮೆತ್ತನೆಯ, ತುಸು ಹುಳಿ ಗುಣದ ನೀರೇ ಶತ್ರು. ಗಡಸು ನೀರು ಪೈಪಿನೊಳಗೆ ಸುಣ್ಣದ ತೆಳು ಪದರ ಕಟ್ಟುತ್ತದೆ, ಅದು ಕಬ್ಬಿಣಕ್ಕೆ ಒಂದು ಬಗೆಯ ರಕ್ಷಣೆ. ಬೆಟ್ಟದ ನೀರಿಗೆ ಆ ಗುಣವಿಲ್ಲ. ಅದು ನೇರವಾಗಿ ಕಬ್ಬಿಣವನ್ನೇ ತಿನ್ನುತ್ತದೆ. ನಾವು ಹೊಗಳುವ ರುಚಿಯಾದ ನೀರಿನ ಇನ್ನೊಂದು ಮುಖ ಇದು.

ತುಕ್ಕು ಒಳಗೆ ಕೂತಿದ್ದರೆ ಏನೂ ತೊಂದರೆಯಿಲ್ಲ. ನೀರು ದಿನವಿಡೀ ಬಾರದೆ ಬಿಟ್ಟು ಬಿಟ್ಟು ಬಂದಾಗ ಅದು ಎದ್ದು ಬರುತ್ತದೆ. ಪೈಪು ಖಾಲಿಯಾಗಿ ಗಾಳಿ ತುಂಬುತ್ತದೆ. ಮತ್ತೆ ವಾಲ್ವ್ ತೆರೆದಾಗ ಎತ್ತರದ ಟ್ಯಾಂಕಿನಿಂದ ನೀರು ನುಗ್ಗುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ. ನಮ್ಮ ಊರುಗಳಲ್ಲಿ ಟ್ಯಾಂಕಿಗೂ ಕೆಳಗಿನ ಮನೆಗೂ ಐವತ್ತು ಮೀಟರ್ ವ್ಯತ್ಯಾಸವೇನೂ ದೊಡ್ಡದಲ್ಲ. ಆ ರಭಸಕ್ಕೆ ತುಕ್ಕು ಕಿತ್ತುಕೊಂಡು ಬರುತ್ತದೆ. ಅದಕ್ಕೇ ಮೊದಲ ಎರಡು ಕೊಡ ಕೆಂಪು, ಆಮೇಲೆ ತಿಳಿ.

ಇದಕ್ಕಿಂತ ಗಂಭೀರ ವಿಷಯ ಇನ್ನೊಂದು. ಖಾಲಿ ಪೈಪು ಸುಮ್ಮನಿರುವುದಿಲ್ಲ. ಒಡಕು ಇದ್ದರೆ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಪಕ್ಕದಲ್ಲೇ ಚರಂಡಿ ಇದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಬೂದು ಬಣ್ಣ, ಕೆಟ್ಟ ವಾಸನೆ, ನೊರೆ, ಇವು ಮೂರರಲ್ಲಿ ಒಂದು ಕಂಡರೂ ಆ ನೀರನ್ನು ಬಾಯಿಗೆ ಹಾಕಬೇಡಿ. ಅದು ಮಳೆಯೂ ಅಲ್ಲ, ತುಕ್ಕೂ ಅಲ್ಲ.

ನಮ್ಮ ಮನೆಯೊಳಗೆ

ನಗರಸಭೆಯ ಪೈಪಿನಿಂದ ಮನೆಗೆ ಬರುವ ಕವಲು ಪೈಪು ಸಾಮಾನ್ಯವಾಗಿ ಮನೆಯವರ ಜವಾಬ್ದಾರಿ. ಹಳೆಯ ಮನೆಗಳಲ್ಲಿ ಇದು ಜಿಐ ಆಗಿದ್ದು, ಒಳಗಿನ ಸತುವಿನ ಲೇಪ ಹೋದ ಮೇಲೆ ತುಕ್ಕು ಶುರುವಾಗುತ್ತದೆ. ಇಡೀ ಬೀದಿಗೆ ತಿಳಿ ನೀರು ಬಂದು ನಮಗೆ ಮಾತ್ರ ಕೆಂಪು ಬಂದರೆ ಮೊದಲು ನೋಡಬೇಕಾದ್ದು ಇದನ್ನೇ.

ನಂತರ ಮೇಲಿನ ಟ್ಯಾಂಕು. ತಳದಲ್ಲಿ ವರ್ಷಗಟ್ಟಲೆ ಕೂತ ಕೆಸರು, ನೀರು ಕಡಿಮೆಯಾದಾಗ ಕಲಕಿ ನಲ್ಲಿಗೆ ಇಳಿಯುತ್ತದೆ. ಬಿಸಿಲು ಒಳಗೆ ಹೋಗುವ ತೆಳು ಬಣ್ಣದ ಟ್ಯಾಂಕಾದರೆ ಪಾಚಿ ಕಟ್ಟಿ ನೀರಿಗೆ ಹಸಿರು ಛಾಯೆ. ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕಿನೊಳಗೆ ಕಿತ್ತಳೆ ಬಣ್ಣದ ಲೋಳೆ ಕಂಡರೆ ಅದು ಕಬ್ಬಿಣ ತಿಂದು ಬದುಕುವ ಬ್ಯಾಕ್ಟೀರಿಯಾ. ರೋಗ ತರುವಂಥದ್ದಲ್ಲ, ಆದರೆ ನೀರಿನಲ್ಲಿ ಕಬ್ಬಿಣ ಇದೆ ಎಂಬುದಕ್ಕೆ ಸಾಕ್ಷಿ. ಕರಿ ಚೂರುಗಳು ಬಂದರೆ ನಲ್ಲಿಯ ರಬ್ಬರ್ ವಾಷರ್ ಸವೆದಿರಬಹುದು. ಬಿಸಿ ನೀರಿನಲ್ಲಿ ಮಾತ್ರ ಬಣ್ಣ ಇದ್ದರೆ ದೋಷ ಗೀಸರಿನದು. ಇದಕ್ಕೆಲ್ಲ ನಗರಸಭೆಗೆ ಅರ್ಜಿ ಕೊಟ್ಟು ಪ್ರಯೋಜನವಿಲ್ಲ, ಪ್ಲಂಬರನ್ನು ಕರೆಯಬೇಕು.

ಗಾಜಿನ ಲೋಟ ಸಾಕು

ಕಾರಣ ಪತ್ತೆಗೆ ದೊಡ್ಡ ಯಂತ್ರ ಬೇಡ. ಒಂದು ಗಾಜಿನ ಲೋಟ, ಒಂದು ಬಿಳಿ ಬಕೆಟ್, ಸ್ವಲ್ಪ ಟೀ ಪುಡಿ ಸಾಕು.

* ಹಾಲಿನಂತೆ ಬಿಳಿಯಾಗಿದ್ದು, ಎರಡು ಮೂರು ನಿಮಿಷದಲ್ಲಿ ಲೋಟದ ತಳದಿಂದ ಮೇಲಕ್ಕೆ ತಿಳಿಯಾದರೆ ಅದು ಬರೀ ಗಾಳಿ. ಹೆದರಬೇಡಿ.

* ಬರುವಾಗಲೇ ಕೆಂಪಗಿದ್ದು, ಒಂದೆರಡು ಗಂಟೆಯಲ್ಲಿ ತಳದಲ್ಲಿ ಮಣ್ಣು ಕೂತರೆ ಅದು ಬೆಟ್ಟದ ಮಣ್ಣು ಅಥವಾ ಪೈಪಿನ ತುಕ್ಕು. ಬೆರಳಲ್ಲಿ ಉಜ್ಜಿದರೆ ಮಣ್ಣು ನುಣ್ಣಗೆ ಅಂಟುತ್ತದೆ, ತುಕ್ಕಿನ ಚೂರು ಗರಗರ ಎನ್ನುತ್ತದೆ.

* ಬರುವಾಗ ತಿಳಿಯಾಗಿದ್ದು, ಬಕೆಟ್ಟಿನಲ್ಲಿ ಇಟ್ಟ ಮೇಲೆ ಕೆಂಪಾದರೆ ಕರಗಿದ ಕಬ್ಬಿಣ.

* ಎಷ್ಟು ಹೊತ್ತಾದರೂ ತಳ ಕಟ್ಟದ ಟೀ ಬಣ್ಣವಾದರೆ ಎಲೆ-ತೊಗಟೆಯ ಸಾರ.

* ಟೀ ಮಾಡಿ ನೋಡಿ. ಹಾಲು ಹಾಕುವ ಮೊದಲೇ ಡಿಕಾಕ್ಷನ್ ಮಸಿಯಂತೆ ಕಪ್ಪಾದರೆ ನೀರಿನಲ್ಲಿ ಕಬ್ಬಿಣ ಹೆಚ್ಚಿದೆ. ಟೀ ಬೆಳೆಯುವ ಜಿಲ್ಲೆಗೆ ಇದಕ್ಕಿಂತ ಅಗ್ಗದ ಪರೀಕ್ಷೆ ಬೇರೆ ಇಲ್ಲ!

* ಮೊದಲ ಮೂರು ನಿಮಿಷ ಮಾತ್ರ ಬಣ್ಣವಿದ್ದರೆ ಪೈಪು, ನೀರು ನಿಲ್ಲುವವರೆಗೂ ಒಂದೇ ಬಣ್ಣವಿದ್ದರೆ ಜಲಮೂಲ. ನಿಮಿಷಕ್ಕೆ ಹತ್ತು ಲೀಟರ್ ಅಂತ ಇಟ್ಟುಕೊಂಡರೂ ಮೂರು ನಿಮಿಷಕ್ಕೆ ಎರಡು ಕೊಡ. ಅದನ್ನು ಚೆಲ್ಲದೆ ಗಿಡಕ್ಕೆ, ಅಂಗಳಕ್ಕೆ ಬಳಸಿ.

ಒಂದು ಎಚ್ಚರಿಕೆ: ಕೆಂಪು ಕಲೆಯಾದ ಬಿಳಿ ಬಟ್ಟೆಗೆ ಬ್ಲೀಚಿಂಗ್ ಹಾಕಬೇಡಿ. ಕಬ್ಬಿಣದ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕುವ ಅಜ್ಜಿ ಉಪಾಯವೇ ಸರಿ.

ಕುಡಿಯಬಹುದೇ?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರಂತೆ ಬಗ್ಗಡದ ಪ್ರಮಾಣ 1 ಎನ್‌ಟಿಯು ದಾಟಬಾರದು, ಬೇರೆ ಜಲಮೂಲವೇ ಇಲ್ಲದಾಗ 5ರವರೆಗೆ ಒಪ್ಪಬಹುದು. ಕಬ್ಬಿಣದ ಮಿತಿ 2012ರಲ್ಲಿ ಲೀಟರಿಗೆ 0.3 ಮಿಲಿಗ್ರಾಂ ಇತ್ತು, 2015ರ ತಿದ್ದುಪಡಿಯಲ್ಲಿ 1 ಮಿಲಿಗ್ರಾಂ ಆಯಿತು. ಆದರೆ 0.3 ದಾಟಿದರೇ ಬಟ್ಟೆಗೆ ಕಲೆ, ಬಾಯಿಗೆ ಕಬ್ಬಿಣದ ರುಚಿ ಬರಬಹುದು. ಹಾಗಾಗಿ ಕಾಗದದ ಮೇಲೆ ‘ಸರಿಯಿದೆ’ ಎಂಬ ನೀರೂ ಮನೆಯಲ್ಲಿ ಕೆಂಪಾಗಿ ಕಾಣಬಹುದು. ಇಬ್ಬರ ಮಾತೂ ಸುಳ್ಳಲ್ಲ.

ತುಕ್ಕು ಒಂದು ದಿನ ಹೊಟ್ಟೆಗೆ ಹೋದರೆ ಪ್ರಾಣಕ್ಕೇನೂ ಆಗದು. ಮಣ್ಣಿನ ಕಥೆ ಬೇರೆ. ಮಣ್ಣಿನ ಕಣದ ಮರೆಯಲ್ಲಿ ರೋಗಾಣು ಅಡಗುತ್ತದೆ, ಹಾಕಿದ ಕ್ಲೋರಿನ್ನೂ ಮಣ್ಣಿಗೇ ಖರ್ಚಾಗಿ ಹೋಗುತ್ತದೆ. ತಿಳಿ ನೀರೆಂದು ಮೈಮರೆಯುವಂತೆಯೂ ಇಲ್ಲ, ಕಾಲರಾ ರೋಗಾಣು ಕಣ್ಣಿಗೆ ಕಾಣುವುದಿಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದು ನೆನಪಿರಬೇಕು.

ಬಣ್ಣದ ನೀರನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫ್ಲಿಂಟ್ ಊರು ಉದಾಹರಣೆ. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲು ಅಲ್ಲಿನ ಆಡಳಿತ ಜಲಮೂಲ ಬದಲಿಸಿತು. ಹೊಸ ನೀರು ಪೈಪುಗಳನ್ನು ತಿಂದಿತು, ಅದನ್ನು ತಡೆಯುವ ರಾಸಾಯನಿಕ ಹಾಕಿರಲಿಲ್ಲ. ಜನ ಕಂದು ನೀರು ತುಂಬಿದ ಬಾಟಲಿ ಹಿಡಿದು ಕೇಳಿದರೆ ‘ನೀರು ಸುರಕ್ಷಿತ’ ಎಂಬ ಉತ್ತರ ಬಂತು. ಕಣ್ಣಿಗೆ ಕಂಡದ್ದು ಕಬ್ಬಿಣದ ತುಕ್ಕು, ಕಾಣದೆ ಜತೆಗೆ ಬಂದದ್ದು ಹಳೆಯ ಸೀಸದ ಪೈಪುಗಳ ವಿಷ. 2015ರ ಅಕ್ಟೋಬರ್‌ನಲ್ಲಿ ಹಳೆಯ ಮೂಲಕ್ಕೆ ಮರಳುವಷ್ಟರಲ್ಲಿ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿರುವುದು ಪತ್ತೆಯಾಗಿತ್ತು. ನಮ್ಮಲ್ಲಿ ಹಾಗೇ ಆಗಿದೆ ಎಂದಲ್ಲ. ಬಣ್ಣ ಎಂಬುದು ಪೈಪಿನೊಳಗಿಂದ ಬರುವ ಸುದ್ದಿ, ಅದನ್ನು ಪರೀಕ್ಷೆ ಮಾಡದೆ ತಳ್ಳಿಹಾಕಬಾರದು ಎಂದಷ್ಟೇ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಮೊದಲು ತಿಳಿಯಾಗಲು ಬಿಡಿ, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಿ. ಹಿಂದಿನವರು ಮಡಕೆಯ ಒಳಗೆ ಚಿಲ್ಲದ ಬೀಜ ತೇಯುತ್ತಿದ್ದರು. ಪಟಿಕವಾದರೆ ಚೂರನ್ನು ನೀರಿನಲ್ಲಿ ಒಂದೆರಡು ಸುತ್ತು ಆಡಿಸಿದರೆ ಸಾಕು. ಎರಡೂ ಮಣ್ಣನ್ನು ತಳಕ್ಕೆ ಇಳಿಸುತ್ತವೆ, ಆದರೆ ರೋಗಾಣುವನ್ನು ಕೊಲ್ಲುವುದಿಲ್ಲ. ಕುದಿಸುವುದು ರೋಗಾಣು ಕೊಲ್ಲುತ್ತದೆ, ಆದರೆ ಕಬ್ಬಿಣ ತೆಗೆಯುವುದಿಲ್ಲ. ಊಟಿಯವರಿಗೆ ಇನ್ನೊಂದು ಮಾತು: ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಈ ಊರಿನಲ್ಲಿ ನೀರು 100 ಡಿಗ್ರಿಗೆ ಬದಲು 92-93 ಡಿಗ್ರಿಗೇ ಕುದಿಯುತ್ತದೆ. ಕೆಳಗಿನ ಊರಿನಲ್ಲಿ ಒಂದು ನಿಮಿಷ ಕುದಿಸಿದರೆ ಸಾಕಾದರೆ ಇಲ್ಲಿ ಮೂರು ನಿಮಿಷ ಕುದಿಸಬೇಕು.

ಫಿಲ್ಟರ್ ಕೊಳ್ಳುವ ಮುನ್ನ

ಕೆಂಪು ನೀರು ಕಂಡ ಕೂಡಲೇ ಆರ್‌ಒ ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ. ಆರ್‌ಒ ಇರುವುದು ಮುಖ್ಯವಾಗಿ ನೀರಿನ ಲವಣ ತೆಗೆಯಲು. ಊಟಿಯ ಬೆಟ್ಟದ ನೀರಿನಲ್ಲಿ ಲವಣ ಮೊದಲೇ ಕಡಿಮೆ. ಮೇಲಾಗಿ ಕಬ್ಬಿಣ, ಮಣ್ಣು ಆರ್‌ಒ ಪೊರೆಯನ್ನು ಬೇಗ ಕಟ್ಟಿಹಾಕುತ್ತದೆ. ನೀಲಿ ದೀಪದ ಯುವಿ ಯಂತ್ರವೂ ಬಗ್ಗಡ ನೀರಿನಲ್ಲಿ ಸರಿಯಾಗಿ ಕೆಲಸ ಮಾಡದು, ಬೆಳಕು ದಾಟಬೇಕಲ್ಲ! ಮೊದಲು ಬೇಕಾದ್ದು ಮಣ್ಣು ತಡೆಯುವ ಸಾದಾ ಫಿಲ್ಟರ್. ಮಸಿನಗುಡಿ ಕಡೆ ಬೋರ್‌ವೆಲ್ ನಂಬಿದವರ ಲೆಕ್ಕ ಬೇರೆ, ಅವರು ನೀರು ಪರೀಕ್ಷೆ ಮಾಡಿಸಿ ತೀರ್ಮಾನಿಸಲಿ. ಪ್ಲಾಸ್ಟಿಕ್ ನೀರಿನ ಬಾಟಲಿಗೆ ಜಿಲ್ಲೆಯಲ್ಲಿ ನಿರ್ಬಂಧ ಇರುವುದರಿಂದ, ಊರಿಂದ ಬರುವ ನೆಂಟರು ಕೆಕ್ಕನಹಳ್ಳ ಚೆಕ್‌ಪೋಸ್ಟ್ ದಾಟಿ ಬಾಟಲಿ ತಂದಾರೆಂದು ಕಾಯುವಂತೆಯೂ ಇಲ್ಲ.

ದೂರು ಕೊಡುವ ಬಗೆ

ಬಗ್ಗಡ ಎಂದರೆ ಮೈಸೂರು ಕಡೆಯವರಿಗೆ ತಿಳಿಯುತ್ತದೆ, ರಾಡಿ ಎಂದರೆ ಬೆಳಗಾವಿ ಕಡೆಯವರಿಗೆ. ಮರಾಠಿಯವರು ಗಢೂಳ ಅಂತಾರೆ. ಆದರೆ ಇಲ್ಲಿನ ಕಚೇರಿಗೆ ತಿಳಿಯುವ ಪದ ‘ಕಲಂಗಲ್’. ನಮ್ಮವರಲ್ಲಿ ಎಷ್ಟೋ ಮಂದಿ ತಮಿಳು ಸರಾಗವಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಪ್ರಕಟಣೆ ಬರುವುದು ತಮಿಳಿನಲ್ಲಿ. ಹಾಗಾಗಿ ಎರಡು ಸಾಲು ಗುರುತಿಟ್ಟುಕೊಳ್ಳಿ. ‘ಕುಡಿನೀರೈ ಕಾಯ್ಚಿ ಕುಡಿಕ್ಕವುಂ’ ಎಂದರೆ ನೀರು ಕಾಯಿಸಿ ಕುಡಿಯಿರಿ. ‘ಕುಡಿನೀರ್ ವಿನಿಯೋಗಂ ನಿರುತ್ತಂ’ ಎಂದರೆ ನೀರು ಪೂರೈಕೆ ನಿಲುಗಡೆ. ಎರಡನೆಯದನ್ನು ಕೇಳಿದರೆ ಮುಂದಿನ ಸಲ ನೀರು ಬಂದಾಗ ಮೊದಲ ಎರಡು ಕೊಡ ಕೆಂಪಾಗಿರುತ್ತದೆ ಎಂದು ತಿಳಿಯಿರಿ.

ದೂರಿನಲ್ಲಿ ‘ನೀರು ಸರಿಯಿಲ್ಲ’ ಅಂತ ಬರೆದರೆ ಸಾಲದು. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ನಿಮಿಷ, ಯಾವ ಬಣ್ಣ, ವಾಸನೆ ಇತ್ತೇ, ಅಕ್ಕಪಕ್ಕದ ಎಷ್ಟು ಮನೆಗೆ ಹೀಗೆ ಬಂತು ಎಂದು ಬರೆಯಿರಿ. ಗಾಜಿನ ಬಾಟಲಿಯಲ್ಲಿ ಹಿಡಿದ ನೀರಿನ ಫೋಟೊ ಜತೆಗಿರಲಿ. ನಾಲ್ಕು ಮನೆಯವರು ಸೇರಿ ಸಹಿ ಹಾಕಿದರೆ ‘ನಿಮ್ಮ ಮನೆ ಪೈಪು ಸರಿಯಿಲ್ಲ’ ಎಂಬ ಉತ್ತರಕ್ಕೆ ಎಡೆಯಿರುವುದಿಲ್ಲ. ಪಟ್ಟಣದವರು ನಗರಸಭೆಗೆ, ಮಸಿನಗುಡಿಯಂಥ ಕಡೆಯವರು ಗ್ರಾಮ ಪಂಚಾಯತಿಗೆ ಕೊಡಬೇಕು. ಸ್ವೀಕೃತಿ ಚೀಟಿ ಮರೆಯದೆ ಕೇಳಿ ಪಡೆಯಿರಿ. ಅಲ್ಲಿ ಆಗದಿದ್ದರೆ ಊಟಿಯ ಕಲೆಕ್ಟರ್ ಕಚೇರಿಯಲ್ಲಿ ಸೋಮವಾರ ನಡೆಯುವ ‘ಮಕ್ಕಳ್ ಕುರೈತೀರ್ಕ್ಕುಂ ನಾಳ್’ ಇದೆ. ಮಕ್ಕಳ್ ಎಂದರೆ ಇಲ್ಲಿ ಜನ, ನಮ್ಮ ಮಕ್ಕಳಲ್ಲ! ಜನರ ಕುಂದುಕೊರತೆ ದಿನ ಅದು.

ಕುಡಿಯುವ ನೀರು ಪೂರೈಕೆ ಮತ್ತು ಒಳಚರಂಡಿ ಮಂಡಳಿ, ಅಂದರೆ ಟ್ವಾಡ್‌ನ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿಸಬಹುದು. ಎರಡು ಬಾಟಲಿ ಕೊಡಿ: ನಲ್ಲಿ ತಿರುಗಿಸಿದ ಕೂಡಲೇ ಹಿಡಿದದ್ದು ಒಂದು, ಐದು ನಿಮಿಷ ಬಿಟ್ಟು ಹಿಡಿದದ್ದು ಇನ್ನೊಂದು. ಎರಡರ ವ್ಯತ್ಯಾಸವೇ ದೋಷ ಪೈಪಿನದೋ ಜಲಮೂಲದ್ದೋ ಎಂದು ಹೇಳಿಬಿಡುತ್ತದೆ. ರೋಗಾಣು ಪರೀಕ್ಷೆಗೆ ಮಾತ್ರ ಅವರು ಕೊಡುವ ಶುದ್ಧ ಬಾಟಲಿಯೇ ಆಗಬೇಕು, ಹಿಡಿದ ದಿನವೇ ತಲುಪಿಸಬೇಕು.

ಆಡಳಿತದಿಂದ ಜನ ಕೇಳುವುದೂ ದೊಡ್ಡದೇನಲ್ಲ. ದುರಸ್ತಿ ಇದ್ದರೆ ಮುಂಚೆ ತಿಳಿಸಲಿ. ಪೈಪಿನ ಕೊನೆಯ ವಾಲ್ವ್ ತೆರೆದು ಆಗಾಗ ಕೆಸರು ಹೊರಬಿಡಲಿ. ಪರೀಕ್ಷೆಯ ಫಲಿತಾಂಶವನ್ನು ಕಚೇರಿಯ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಲಿ. ಮಳೆ ಇರುವ ದಿನ ಮಳೆ ಅಂತ ಹೇಳಿದರೆ ಜನ ಒಪ್ಪಿಕೊಳ್ಳುತ್ತಾರೆ. ಬಿಸಿಲಲ್ಲೂ ಅದೇ ಮಾತು ಹೇಳಿದರೆ ಮುಂದೆ ನಿಜವಾಗಿ ಮಳೆ ಬಂದಾಗಲೂ ಯಾರೂ ನಂಬುವುದಿಲ್ಲ.